ಯಲ್ಲಾಪುರದ ಯಾರ್ಡಿನ ಮೂವತ್ತನಾಲ್ಕು ಹೆಬ್ಬೆಟ್ಟುಗಳು

೧೯೬೩ರ ಮಾರ್ಚ್ ತಿಂಗಳು. ನಾನಾಗ ಕಾರ್ಮಿಕ ಇಲಾಖೆಯಲ್ಲಿ ಕನ್ಸಿಲಿಯೇಶನ್ ಆಫೀಸರ್, ಅಂದರೆ ಸಂಧಾನಾಧಿಕಾರಿ. ಕಚೇರಿ ಹುಬ್ಬಳ್ಳಿಯಲ್ಲಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕಾರ್ಮಿಕ ತಕರಾರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಹುದ್ದೆಯ ಹೆಸರು ದೊಡ್ಡದು, ಅಧಿಕಾರ ಸಣ್ಣದು. ತೀರ್ಪು ಕೊಡುವ ಹಕ್ಕು ನನಗಿರಲಿಲ್ಲ. ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ಒಪ್ಪಂದ ಮಾಡಿಸಬೇಕು. ಆಗದಿದ್ದರೆ ‘ಸಂಧಾನ ವಿಫಲ’ ಎಂದು ಸರಕಾರಕ್ಕೆ ವರದಿ ಬರೆಯಬೇಕು. ಹಾಗೆ ಬರೆದ ಪ್ರಕರಣ ಟ್ರಿಬ್ಯೂನಲ್ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಕೂಲಿಕಾರರೇ ಊರು ಬಿಟ್ಟು ಹೋಗಿರುತ್ತಿದ್ದರು.

ಯಲ್ಲಾಪುರದ ಒಂದು ಲಾರಿ ಸಾಗಣೆ ಕಂಪನಿಯ ಯಾರ್ಡು ಕೂಲಿಕಾರರ ಯೂನಿಯನ್ನಿನಿಂದ ಆ ತಿಂಗಳು ದೂರು ಬಂತು. ಕಂಪನಿಯ ಹೆಸರು ಇಲ್ಲಿ ಬೇಡ. ಹದಿನೆಂಟು ಲಾರಿಗಳು ಕಾಡಿನ ದಿಮ್ಮಿಗಳನ್ನು ಹುಬ್ಬಳ್ಳಿಗೆ ಸಾಗಿಸುತ್ತಿದ್ದವು. ಡ್ರೈವರುಗಳದ್ದು ಒಂದು ಗುಂಪು. ಗಾಡಿ ಹತ್ತದೆ ನೆಲದ ಮೇಲೇ ದುಡಿಯುವವರದ್ದು ಇನ್ನೊಂದು: ದಿಮ್ಮಿ ಏರಿಸುವವರು, ಇಳಿಸುವವರು, ಲಾರಿ ತೊಳೆಯುವವರು, ಟಯರು ಬಿಚ್ಚುವವರು, ಯಾರ್ಡು ಗುಡಿಸುವ ಹೆಂಗಸರು. ಒಟ್ಟು ಮೂವತ್ತನಾಲ್ಕು ಜನ. ಏಪ್ರಿಲ್ ಒಂದರಿಂದ ಯಾರ್ಡಿನ ಕೆಲಸವನ್ನೆಲ್ಲ ಶಿರಸಿಯ ಒಬ್ಬ ಗುತ್ತಿಗೆದಾರನಿಗೆ ವಹಿಸುವುದಾಗಿ ಕಂಪನಿ ಹೇಳಿತ್ತು. ಗುತ್ತಿಗೆದಾರ ತನಗೆ ಬೇಕಾದವರನ್ನು ಇಟ್ಟುಕೊಳ್ಳಬಹುದು, ಬೇಡವಾದವರನ್ನು ಕಳಿಸಬಹುದು. ಡ್ರೈವರುಗಳಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ. ಹಾಗಾಗಿ ಅವರು ಬಾಯಿ ಬಿಡಲಿಲ್ಲ.

ಹೋಗುವಾಗಲೇ ನನ್ನಿಂದ ಒಂದು ತಪ್ಪಾಯಿತು. ಬಸ್ಸು ಕಿರವತ್ತಿಯ ಹತ್ತಿರ ಕೆಟ್ಟು ನಿಂತಿತು. ಹಿಂದಿನಿಂದ ಬಂದ ಖಾಲಿ ಲಾರಿಗೆ ಕೈಮಾಡಿ ಹತ್ತಿದೆ. ಅದು ಅದೇ ಕಂಪನಿಯ ಲಾರಿ. ಯಲ್ಲಾಪುರದ ಯಾರ್ಡಿನ ಬಾಗಿಲಲ್ಲಿ ನಾನು ಇಳಿದಾಗ ದಿಮ್ಮಿ ಉರುಳಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಒಬ್ಬರೂ ನಮಸ್ಕಾರ ಹೇಳಲಿಲ್ಲ. ಮಾಲೀಕರ ಗಾಡಿಯಲ್ಲಿ ಬಂದವನು ಯಾರ ಕಡೆಯವನೆಂದು ಅವರು ಅಲ್ಲೇ ತೀರ್ಮಾನಿಸಿಬಿಟ್ಟಿದ್ದರು.

ಮ್ಯಾನೇಜರ್ ವಾಮನರಾಯರು ನಯವಾದ ಮನುಷ್ಯ. ಚಹಾ ತರಿಸಿ, ಫೈಲು ಬಿಚ್ಚಿದರು. ಕಾರ್ಮಿಕರ ಕೆಲಸದ ಷರತ್ತು ಬದಲಿಸಬೇಕಾದರೆ ಇಪ್ಪತ್ತೊಂದು ದಿನ ಮೊದಲೇ ಲಿಖಿತ ನೋಟೀಸು ಕೊಡಬೇಕೆಂಬುದು ಕಾನೂನು. ಕಂಪನಿ ಕೊಟ್ಟಿರಲಿಲ್ಲ. ಅದನ್ನು ಕೇಳಿದಾಗ ರಾಯರು ನಕ್ಕರು.

“ಬದಲಾವಣೆ ಎಲ್ಲಿದೆ ಸಾಹೇಬರೆ? ಅವರು ಒಂದು ವರ್ಷದಿಂದ ಗುತ್ತಿಗೆದಾರನ ಆಳುಗಳೇ. ಏಪ್ರಿಲಿನಿಂದ ಯಾರ್ಡಿನ ಉಸ್ತುವಾರಿಯೂ ಅವನ ಕೈಗೆ ಹೋಗುತ್ತದೆ, ಅಷ್ಟೇ. ನೋಡಿ.”

ಅವರು ಮುಂದಿಟ್ಟದ್ದು ಒಂದು ಉದ್ದ ಹಾಳೆ. ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಕ್ಕಣೆ: ಕೆಳಗೆ ಹೆಸರಿರುವ ನಾವು ಈ ದಿನದಿಂದ ಇಂಥ ಗುತ್ತಿಗೆದಾರನ ಕೈಕೆಳಗೆ ಕೆಲಸಕ್ಕೆ ಸೇರಲು ಒಪ್ಪಿದ್ದೇವೆ. ತಾರೀಖು ೧ ಮಾರ್ಚ್ ೧೯೬೨. ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಪಟ್ಟಿಯಾಗಿ ಕನ್ನಡದ ಕೈಬರಹದಲ್ಲಿ ಮೂವತ್ತನಾಲ್ಕು ಹೆಸರು, ಒಂದೊಂದರ ಪಕ್ಕ ಹೆಬ್ಬೆಟ್ಟು. ಒಕ್ಕಣೆಯ ಕೊನೆಯ ಎರಡು ಸಾಲುಗಳು ಜಾಗ ಸಾಲದೆ ಇಕ್ಕಟ್ಟಾಗಿದ್ದವು. ಅದು ಯಾಕೆಂದು ನನಗೆ ಅರ್ಥವಾದದ್ದು ಮರುದಿನ. ಆ ಹೊತ್ತಿಗೆ ನನ್ನ ಅನುಮಾನ ಹರಿದದ್ದು ಬೇರೆ ಕಡೆಗೆ.

ಯೂನಿಯನ್ನಿನ ಕಾರ್ಯದರ್ಶಿ ನಾಗಪ್ಪ ಟಯರು ಕೆಲಸದವನು. ನಾಲ್ಕನೇ ಇಯತ್ತೆ ಓದಿದ್ದ. ಯಾರ್ಡಿನಲ್ಲಿ ಅಕ್ಷರ ಬಲ್ಲವನು ಅವನೊಬ್ಬನೇ. ಆ ಸಂಜೆ ನಾನು ಸರಕಾರಿ ಬಂಗಲೆಗೆ ನಡೆದು ಹೋಗುವಾಗ, ಅವನು ಮ್ಯಾನೇಜರರ ಮನೆಯ ಹಿತ್ತಿಲ ಬೇಲಿಯ ದಣಪೆ ದಾಟಿ ಹೊರಬರುವುದನ್ನು ಕಂಡೆ. ನನ್ನನ್ನು ನೋಡಿ ತಲೆ ತಗ್ಗಿಸಿ ಬೇರೆ ದಾರಿ ಹಿಡಿದ. ಮೂವತ್ತನಾಲ್ಕು ಹೆಸರು ಬರೆದ ಕೈ ಯಾರದೆಂದು ನನಗೆ ಆಗಲೇ ಹೊಳೆಯಿತು. ಇವನೇ ತನ್ನನ್ನು ಕಂಪನಿಗೆ ಮಾರಿಕೊಂಡಿದ್ದಾನೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬಂಗಲೆಯ ಜಗಲಿಯಲ್ಲಿ ಸಂಧಾನ. ಯಾರ್ಡಿನವರೆಲ್ಲ ನೆಲದ ಮೇಲೆ ಕೂತರು. ಕೆಲವು ಡ್ರೈವರುಗಳು ತಮಾಷೆ ನೋಡುವವರಂತೆ ಅಂಗಳದ ಮಾವಿನ ಮರದ ಕೆಳಗೆ ನಿಂತಿದ್ದರು. ಸಂಧಾನದಲ್ಲಿ ಮೊದಲು ಪ್ರತಿಯೊಂದು ಪಕ್ಷದ ಮಾತನ್ನೂ ಪ್ರತ್ಯೇಕವಾಗಿ ಕೇಳಬೇಕು ಎಂಬುದು ನನಗೆ ಗೊತ್ತಿತ್ತು. ಆದರೆ ಕಳ್ಳನನ್ನು ಹಿಡಿದೇಬಿಟ್ಟ ಉತ್ಸಾಹದಲ್ಲಿ ಆ ಹಾಳೆಯನ್ನು ಎತ್ತಿ ತೋರಿಸಿ, ಎಲ್ಲರೆದುರೇ ಕೇಳಿಬಿಟ್ಟೆ.

“ನಾಗಪ್ಪ, ಈ ಅಕ್ಷರ ಯಾರದು?”

ನಾಗಪ್ಪ ಹತ್ತಿರ ಬಂದು ನೋಡಿದ. ಬೆರಳಿನಿಂದ ಮೇಲಿನ ಟೈಪನ್ನು ತೋರಿಸಿದ. “ಅಕ್ಷರ ನಂದ ಐತ್ರಿ. ಆದ್ರ ಮ್ಯಾಲಿಂದು ಇರಲಿಲ್ರಿ. ಹೋದ ಮಳಿಗಾಲದಾಗ ಕಂಪನಿಯವ್ರು ಎಲ್ಲಾರಿಗೂ ಕಂಬಳಿ ಕೊಟ್ರು. ಕೊಟ್ಟಿದ್ದಕ್ಕ ಎಲ್ಲಾರ್ದೂ ಹೆಬ್ಬೆಟ್ಟ ಬೇಕು, ಸಹಿ ಬ್ಯಾಡ ಅಂದ್ರು. ಖಾಲಿ ಹಾಳಿ ಮ್ಯಾಲ ಹೆಸರು ಬರದು ನಾನ ಒತ್ತಿಸಿದೆ, ನಾನೂ ಒತ್ತಿದೆ.”

“ಖಾಲಿ ಹಾಳೆಗೆ ಯಾಕೆ ಒತ್ತಿಸಿದೆ?”

“ಮ್ಯಾಲ ಕಂಬಳಿ ಲೆಕ್ಕ ಬರೀತೀವಿ ಅಂದಿದ್ರು ರೀ.”

ಹಿಂದಿನಿಂದ ಒಂದು ಗಂಡಸಿನ ದನಿ ಎದ್ದಿತು. “ನಿಂಗೊಬ್ಬಂಗೆ ಎರಡು ಕಂಬಳಿ ಯಾಕೆ ಕೊಟ್ರಾ?”

“ಒಂದು ಅವ್ವಗ ಬೇಕಂತ ಕೇಳಿ ಇಸ್ಕೊಂಡೆ.”

“ನಿನ್ನೆ ರಾಯರ ಮನೆ ಹಿತ್ತಲಾಗೆ ಎಂತಾ ಕೆಲಸ ಇತ್ತು?” ಎಂದಿತು ಇನ್ನೊಂದು ದನಿ. ಹಾಗಾದರೆ ಅವನನ್ನು ಕಂಡವನು ನಾನೊಬ್ಬನೇ ಅಲ್ಲ.

ನಾಗಪ್ಪ ಅದನ್ನೂ ಹೇಳಿದ. ರಾಯರೇ ಹೇಳಿ ಕಳಿಸಿದ್ದರಂತೆ. ಗುತ್ತಿಗೆದಾರನ ಕೈಕೆಳಗೆ ಮೇಸ್ತ್ರಿಯಾಗಿರು ಎಂದರಂತೆ; ಇವನು ಒಲ್ಲೆ ಎಂದು ಬಂದನಂತೆ. ರಾಯರು ಅದನ್ನು ಅಲ್ಲಗಳೆಯಲೂ ಇಲ್ಲ, ಒಪ್ಪಲೂ ಇಲ್ಲ. ಕನ್ನಡಕ ಒರೆಸುತ್ತ ಕೂತರು. ನಾಗಪ್ಪ ಮರಳಿ ತನ್ನ ಜಾಗದಲ್ಲಿ ಕೂತಾಗ ಅವನ ಪಕ್ಕದಲ್ಲಿದ್ದ ಇಬ್ಬರು ಮೆಲ್ಲನೆ ಸರಿದು ಕೂತರು. ಆಮೇಲೆ ಮತ್ತಿಬ್ಬರು. ಸ್ವಲ್ಪ ಹೊತ್ತಿನಲ್ಲಿ ನಾಗಪ್ಪನ ಸುತ್ತ ಒಂದು ಚಾಪೆಯಷ್ಟು ನೆಲ ಖಾಲಿಯಾಗಿತ್ತು.

ರಾಯರು ನನ್ನ ಕಡೆ ತಿರುಗಿ, “ಅವರ ಮುಖಂಡನೇ ತನ್ನ ಅಕ್ಷರ ಎಂದು ಒಪ್ಪಿದ್ದಾನೆ. ಇನ್ನು ಉಳಿದದ್ದೇನು?” ಎಂದರು. ನನಗೂ ಏನೂ ಉಳಿದಂತೆ ಕಾಣಲಿಲ್ಲ. ‘ಸಂಧಾನ ವಿಫಲ’ ಎಂದು ಬರೆಯಲು ಪೆನ್ನಿನ ಟೊಪ್ಪಿ ತೆಗೆದೆ.

ಅಷ್ಟರಲ್ಲಿ ಯಾರ್ಡು ಗುಡಿಸುವ ಒಬ್ಬ ಹೆಂಗಸು ಎದ್ದು ನಿಂತಳು. ಇಪ್ಪತ್ತು ವರ್ಷವಿರಬಹುದು. ಅವಳು ನಂಬಿದ್ದು ನಾಗಪ್ಪನನ್ನೂ ಅಲ್ಲ, ನನ್ನನ್ನೂ ಅಲ್ಲ.

“ಅದ್ರಗೆ ನನ್ನ ಹೆಸ್ರೂ ಐತಾ? ಹ್ಯಾಂಗೆ ಬರ್ದಾರೆ, ಓದಿ ಕಾಂಬ ಸಾಯ್ಬ್ರೆ. ಎಲ್ಲಾರ ಹೆಸ್ರೂ ಓದಿ.”

ಬೇಸರದಿಂದಲೇ ಓದಲು ತೊಡಗಿದೆ. ಹತ್ತೊಂಬತ್ತನೆಯ ಹೆಸರು, “ಗೌರಿ ಕೋಂ ಮಂಜಾ.” ಆ ಕಾಲದ ಕಾಗದಪತ್ರಗಳಲ್ಲಿ ‘ಕೋಂ’ ಎಂದರೆ ಇಂಥವನ ಹೆಂಡತಿ ಎಂದರ್ಥ.

“ಅದು ನಾನೇಯ. ತಾರೀಕು ಯಾವ್ದು ಬರ್ದಾರೆ?”

“ಹೋದ ವರ್ಷ ಮಾರ್ಚ್ ಒಂದು. ಶಿವರಾತ್ರಿಯ ಆಸುಪಾಸು.”

ಅವಳು ರಾಯರನ್ನೇ ನೋಡಿದಳು. “ಶಿವರಾತ್ರಿಗೆ ನಂಗೆ ಮದಿಯೇ ಆಗಿರ್ಲಿಲ್ಲ! ನನ್ನ ಮದಿ ಆಗಿದ್ದು ಬ್ಯಾಸಿಗೆ ಮುಗಿಯಾಕೆ ಬಂದಾಗ, ಸಿದ್ದಾಪುರ್ದಾಗೆ. ರಾಯ್ರೆ, ದಿಬ್ಬಣಕ್ಕೆ ಲಾರಿ ಕೊಟ್ಟೋರು ನೀವೇ ಅಲ್ಲನ್ರಾ?”

ರಾಯರು, “ಯಾವ ಲಾರಿ? ನನಗೆ ನೆನಪಿಲ್ಲ,” ಎಂದರು.

ಮಾವಿನ ಮರದ ಕೆಳಗಿಂದ ಒಬ್ಬ ಹಿರಿಯ ಡ್ರೈವರು ಬೀಡಿ ಎಸೆದು ಮೆಟ್ಟಿಲವರೆಗೆ ಬಂದ. ಹೆಸರು ಹುಸೇನ್. ಯಾರ್ಡಿನವರ ತಕರಾರಿನಲ್ಲಿ ಅವನಿಗೆ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಮಾಲೀಕರನ್ನು ಎದುರು ಹಾಕಿಕೊಂಡರೆ ನಷ್ಟ ಖಂಡಿತ ಇತ್ತು.

“ಗಾಡಿ ಹೊಡ್ದಿದ್ದು ನಾನು ಸಾಹೇಬ್ರೆ. ಮೇ ತಿಂಗ್ಳು. ಟ್ರಿಪ್ ಶೀಟು ಆಫೀಸಲ್ಲೇ ಐತೆ, ತರ್ಸಿ ನೋಡಿ.”

ಟ್ರಿಪ್ ಶೀಟೆಂದರೆ ಯಾವ ಲಾರಿ ಯಾವ ದಿನ ಎಲ್ಲಿಗೆ ಹೋಯಿತೆಂದು ಬರೆದಿಡುವ ಚೀಟಿ. ಅದನ್ನೂ, ೧೯೬೨ರ ಫೆಬ್ರುವರಿಯ ಹಾಜರಿ ಪುಸ್ತಕವನ್ನೂ ತರಿಸಿದೆ. ಶೀಟು ಹುಸೇನನ ಮಾತನ್ನು ಖಚಿತಪಡಿಸಿತು. ಹಾಜರಿ ಪುಸ್ತಕದಲ್ಲಿ ‘ಗೌರಿ, ತಂದೆ ಕನ್ನಾ’ ಎಂದಿತ್ತು. ಕಂಪನಿಯ ಕಾಗದದ ಪ್ರಕಾರ ಅವಳು ಫೆಬ್ರುವರಿ ಇಪ್ಪತ್ತೆಂಟರಂದು ಕನ್ನಾನ ಮಗಳು, ಮಾರನೆಯ ದಿನವೇ ಮಂಜನ ಹೆಂಡತಿ! ನಾಗಪ್ಪ ಕಂಬಳಿ ಹಂಚಿದ ದಿನ ಇದ್ದದ್ದನ್ನು ಇದ್ದಂತೆಯೇ ಬರೆದಿದ್ದ. ಹೆಸರುಗಳ ಮೇಲಿನ ಖಾಲಿ ಜಾಗದಲ್ಲಿ ಆಮೇಲೆ ಒಕ್ಕಣೆಯನ್ನು ಇಕ್ಕಟ್ಟಾಗಿ ಟೈಪು ಮಾಡಿ ಹಿಂದಿನ ತಾರೀಖು ಹಾಕಿದವರು ಕೆಳಗಿನ ಕನ್ನಡವನ್ನು ಓದುವ ಗೋಜಿಗೆ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಬಂದ ರಾಯರ ದನಿ ಬದಲಾಗಿತ್ತು. ಹಾಳೆಯನ್ನು ಪೊಲೀಸರಿಗೆ ಕೊಡುವ ಮಾತನ್ನು ನಾನು ಆಡಬೇಕಾಗಲಿಲ್ಲ. ಅದು ಎಲ್ಲರ ಮನಸ್ಸಿನಲ್ಲೂ ಇತ್ತು. ನಾಲ್ಕು ಗಂಟೆಗೆ ಒಪ್ಪಂದವಾಯಿತು. ಮೂವತ್ತನಾಲ್ಕು ಜನರೂ ಕಂಪನಿಯ ಕಾಯಂ ಕೆಲಸಗಾರರು. ಮೂರು ವರ್ಷ ಯಾರ್ಡಿನ ಕೆಲಸವನ್ನು ಗುತ್ತಿಗೆಗೆ ಕೊಡತಕ್ಕದ್ದಲ್ಲ. ಈ ಸಲ ಒಬ್ಬರೂ ಓದಿಸದೆ ಹೆಬ್ಬೆಟ್ಟು ಒತ್ತಲಿಲ್ಲ. ಕನ್ನಡದಲ್ಲಿ ಬರೆದ ಒಪ್ಪಂದವನ್ನು ಗೌರಿ ಎರಡು ಸಲ ಓದಿಸಿದಳು.

ನನ್ನ ವರದಿಯಲ್ಲಿ ಇದು ಯಶಸ್ವಿ ಪ್ರಕರಣ. ಮೇಲಿನವರು ಮೆಚ್ಚಿದರು. ಆದರೆ ಎರಡು ತಿಂಗಳಲ್ಲೇ ಯಾರ್ಡಿನವರು ಕಾರ್ಯದರ್ಶಿಯನ್ನು ಬದಲಿಸಿದರು. ನಾಗಪ್ಪ ತಪ್ಪು ಮಾಡಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎರಡನೆಯ ಕಂಬಳಿ, ಹಿತ್ತಿಲ ದಣಪೆ ಅವರ ತಲೆಯಿಂದ ಹೋಗಲಿಲ್ಲ. ಅವನ ಜೊತೆ ಬುತ್ತಿ ಬಿಚ್ಚಲು ಯಾರೂ ಕೂರುತ್ತಿರಲಿಲ್ಲವಂತೆ. ಕೆಲಸ ಬಿಟ್ಟು ಹುಬ್ಬಳ್ಳಿಗೆ ಬಂದು ಒಂದು ಟಯರು ಅಂಗಡಿ ಸೇರಿದ. ವಿಷಯ ತಿಳಿದು ಹುಡುಕಿಕೊಂಡು ಹೋದೆ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತೂತು ನೋಡುತ್ತಿದ್ದ. ಸ್ಟೂಲು ಒರೆಸಿ ಕೊಟ್ಟ. ನಾನು ಕ್ಷಮೆ ಕೇಳಿದೆ. ಅವನು ತಲೆ ಎತ್ತಲಿಲ್ಲ.

“ನೀವು ಕೇಳಿದ್ದು ತಪ್ಪಲ್ಲ ಬಿಡ್ರಿ ಸಾಹೇಬ್ರ. ನಿಮ್ಮ ಕೆಲಸಾನ ಅದು. ಒಳಗ ಕರದು ಕೇಳಿದ್ರ ನನಗ ಹೇಳಾಕ ಬರ್ತಿತ್ತು. ಮಂದಿ ಮುಂದ ಕೇಳಿದ್ರಿ.”

ಆಮೇಲೆ ಇಪ್ಪತ್ತೆರಡು ವರ್ಷ ಅದೇ ಇಲಾಖೆಯಲ್ಲಿ ದುಡಿದೆ. ಅನುಮಾನಪಡುವುದನ್ನು ಬಿಡಲಿಲ್ಲ, ಅದಿಲ್ಲದೆ ಆ ಕೆಲಸ ಸಾಗುವುದಿಲ್ಲ. ಕಾಗದ ಯಾವುದೇ ಇರಲಿ, ಮೊದಲಿನಿಂದ ಕೊನೆಯ ಹೆಸರಿನವರೆಗೆ ಎಲ್ಲರೆದುರು ಗಟ್ಟಿಯಾಗಿ ಓದಿಸುತ್ತಿದ್ದೆ. ಒಬ್ಬ ಮನುಷ್ಯನ ಬಗ್ಗೆ ಸಂಶಯ ಬಂದರೆ ಮಾತ್ರ ಅವನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಎದುರಿಗೆ ಕುರ್ಚಿ ಕೊಟ್ಟು, ಆಮೇಲೆ ಕೇಳುತ್ತಿದ್ದೆ.