ಟ್ರೈಲರಿನ ಮೂರು ಟ್ಯಾಂಕು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ಪ್ರಕಾರ ಅದು 2017ರ ಬೇಸಿಗೆ. ಗಂಡ ಅದಕ್ಕೂ ಹಿಂದಿನ ವರ್ಷ ಎನ್ನುತ್ತಾನೆ. ಟ್ರೈಲರಿನ ಮೈಮೇಲೆ ಉದ್ದಕ್ಕೆ ಎಳೆದಿದ್ದ ಪಟ್ಟಿ ನನ್ನ ನೆನಪಿನಲ್ಲಿ ನೀಲಿ, ಫೋಟೋದಲ್ಲಿ ಹಸಿರು. ಡೈರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ಆ ವಾರಗಳಲ್ಲಿ ಬರೆದದ್ದನ್ನು ತೆರೆದು ನೋಡಿದರೆ ಹವಾಮಾನ ಮತ್ತು ಆಫೀಸಿನ ತಲೆನೋವು ಬಿಟ್ಟು ಬೇರೇನೂ ಇಲ್ಲ. ಹಾಗಾಗಿ ಇದು ನನಗೆ ನೆನಪಿರುವ ಹಾಗೆ, ಅಷ್ಟೇ.

ಖಚಿತವಾಗಿ ಗೊತ್ತಿರುವುದು ಒಂದು. ಅಮ್ಮ ಪ್ರಯಾಣದಲ್ಲಿ ನೀರು ಕುಡಿಯುತ್ತಿರಲಿಲ್ಲ. ಹೊರಗಿನ ಟಾಯ್ಲೆಟ್ಟಿಗೆ ಹೋಗಬೇಕಾದೀತು ಎಂಬ ಭಯಕ್ಕೆ, ಹೊರಡುವ ಹಿಂದಿನ ಸಂಜೆಯಿಂದಲೇ ಲೋಟ ಮುಟ್ಟುತ್ತಿರಲಿಲ್ಲ. ಥಾರ್ನ್‌ಹಿಲ್‌ನ ನಮ್ಮ ಮನೆಯಲ್ಲಿ ಆರು ತಿಂಗಳು ಇರಲೆಂದು ಮೈಸೂರಿನಿಂದ ಬಂದಾಗಲೂ ಅಷ್ಟೆ. ವಿಮಾನದುದ್ದಕ್ಕೂ ತುಟಿ ಒದ್ದೆ ಮಾಡಿಕೊಳ್ಳುವಷ್ಟು ಕುಡಿದು, ಬಂದಿಳಿದ ಕೂಡಲೇ ಜ್ವರ, ಉರಿಮೂತ್ರ. ಡಾಕ್ಟರು ಔಷಧಿ ಬರೆದುಕೊಟ್ಟು, ನೀರು ಕುಡಿಯಬೇಕು, ತಡೆದುಕೊಂಡು ಕೂರಬಾರದು, ಇನ್ನೊಂದು ಸಲ ಹೀಗಾದರೆ ಕಿಡ್ನಿಗೆ ತೊಂದರೆ ಎಂದು ಹೆದರಿಸಿದರು. ಅಮ್ಮ ವಿಧೇಯಳಾಗಿ ತಲೆಯಾಡಿಸಿದಳು. ಮನೆಗೆ ಬಂದು ತನ್ನದೇ ಪರಿಹಾರ ಹೇಳಿದಳು: "ಎಲ್ಲಿಗೂ ಹೋಗದೇ ಇದ್ರೆ ಆಯ್ತಪ್ಪ. ಮನೇಲಿ ಕೂತು ಎಷ್ಟು ಬೇಕಾದ್ರೂ ಕುಡೀತೀನಿ."

ಹಾಗೇ ನಡೆದುಕೊಂಡಳು. ದೇವಸ್ಥಾನ, ಇಂಡಿಯನ್ ಅಂಗಡಿ, ಒಂದು ಗಂಟೆಯೊಳಗೆ ವಾಪಸು. ನಯಾಗರಾಕ್ಕೆ ಹೋಗೋಣ ಎಂದರೆ, "ಟೀವೀಲಿ ನೋಡಿದೀನಿ ಕಣೇ, ನೀರೇ ತಾನೆ" ಎನ್ನುತ್ತಿದ್ದಳು. ನಾನು ಕೆಲಸಕ್ಕೆ ಹೋದಮೇಲೆ ಮುಂದಿನ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ರಸ್ತೆ ನೋಡುತ್ತಾಳೆ ಎಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಂಡ ಹೇಳಿದ. ಅಷ್ಟು ದೂರ ಬಂದ ಅಮ್ಮನಿಗೆ ನಮ್ಮ ಬೀದಿ ಬಿಟ್ಟು ಏನೂ ತೋರಿಸದೆ ಕಳಿಸುವುದೇ ಎಂದು ನಾನು ಗಂಡನ ಹತ್ತಿರ ಗೊಣಗುತ್ತಿದ್ದೆ.

ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಒಳಗೆ ಒಲೆ, ಹಾಸಿಗೆ ಎಲ್ಲ ಇರುವ ಟ್ರೈಲರಿನ ಹುಚ್ಚು ಮೊದಲಿನಿಂದ ಗಂಡನದು. ನಾನು ಕಿವಿಗೊಟ್ಟವಳಲ್ಲ. ಆದರೆ ಒಂದು ದಿನ ಊಟದ ಮಧ್ಯೆ ಅವನು, "ಅದರಲ್ಲಿ ನಮ್ಮದೇ ಟಾಯ್ಲೆಟ್ ಇರುತ್ತೆ. ಬೇರೆ ಯಾರೂ ಬರಲ್ಲ" ಎಂದ. ಅಮ್ಮ ಕಲಸುತ್ತಿದ್ದ ಕೈ ನಿಲ್ಲಿಸಿದಳು ಎಂದು ನನ್ನ ನೆನಪು. ನಿಲ್ಲಿಸಿರಲಿಕ್ಕಿಲ್ಲ. ನಾನಂತೂ ನಿಲ್ಲಿಸಿದೆ.

ನಾವು ಕೊಂಡದ್ದು ಸೆಕೆಂಡ್‌ಹ್ಯಾಂಡ್. ಮನೆ ಮುಂದಿನ ಡ್ರೈವ್‌ವೇಯಲ್ಲಿ ಅದು ಬಂದು ನಿಂತಾಗ ಅಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಇದು ಗಾಡಿಯೋ, ಮನೆಯೋ?"

"ಎರಡೂ, ಅತ್ತೆ" ಎಂದ ಗಂಡ.

"ಹಂಗಲ್ಲ, ಪೂಜೆ ಯಾವುದರದ್ದು ಮಾಡೋದು ಅಂತ ಕೇಳಿದ್ದು."

ಕೊನೆಗೆ ಎರಡೂ ಆಯಿತು. ಟೈರುಗಳ ಕೆಳಗೆ ನಿಂಬೆಹಣ್ಣಿಟ್ಟು, ಕಾರಿಗೆ ಕಟ್ಟಿದ್ದ ಟ್ರೈಲರನ್ನು ಒಂದಿಷ್ಟು ಮುಂದೆ ಎಳೆಸಿ ಗಾಡಿಪೂಜೆ. ಆಮೇಲೆ ಒಳಗಿನ ಒಲೆಯ ಮೇಲೆ ಹಾಲುಕ್ಕಿಸಿ ಗೃಹಪ್ರವೇಶ. ಗ್ಯಾಸಿನ ವಿಚಾರ ನಾವು ಕಲಿತದ್ದು ಆ ಹಾಲಿನಿಂದಲೇ. ಮುಂಭಾಗದಲ್ಲಿ ಸಿಲಿಂಡರ್, ಅದರ ಬಾಯಿ ನಿಧಾನವಾಗಿ ತಿರುಗಿಸಬೇಕು, ಪೈಪಿನಲ್ಲಿದ್ದ ಗಾಳಿ ಹೋಗುವ ತನಕ ಒಲೆ ಹತ್ತುವುದಿಲ್ಲ, ಇಷ್ಟನ್ನು ಗಂಡ ವಿಡಿಯೋ ನೋಡಿ ಕಲಿತಿದ್ದ. ಬೇಕೆಂದೇ ಹಾಲು ಉಕ್ಕಿಸುವ ಜನರ ಬಗ್ಗೆ ವಿಡಿಯೋದಲ್ಲಿ ಏನೂ ಇರಲಿಲ್ಲ. ಉಕ್ಕಿದ ಹಾಲು ಪೂರ್ವಕ್ಕೆ ಹರಿಯುವ ಬದಲು ಸರಸರನೆ ಪಶ್ಚಿಮಕ್ಕೆ, ರಸ್ತೆಯ ಕಡೆಗೆ ಹರಿಯಿತು. ನಮ್ಮ ಡ್ರೈವ್‌ವೇ ಇಳಿಜಾರು, ಟ್ರೈಲರನ್ನು ಮಟ್ಟ ಮಾಡಿ ನಿಲ್ಲಿಸಬೇಕೆಂದು ನಮಗೆ ಹೊಳೆದದ್ದು ಆಗ. ನಾನು ಬಟ್ಟೆ ಹುಡುಕಿ ಹಾಲು ಒರೆಸುತ್ತಿದ್ದೆ, ಅಮ್ಮ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಒಲೆ ಆರಿದೆ, ಗ್ಯಾಸು ಮಾತ್ರ ಬರುತ್ತಲೇ ಇದೆ ಎನ್ನುವುದನ್ನು ಇಬ್ಬರೂ ನೋಡಲಿಲ್ಲ. ನೆಲದ ಹತ್ತಿರ ಗೋಡೆಯಲ್ಲಿದ್ದ ಪುಟ್ಟ ಡಬ್ಬಿಯೊಂದು ಕಿವಿ ಕಿತ್ತುಹೋಗುವ ಹಾಗೆ ಕಿರುಚಿಕೊಂಡಿತು.

"ಅಯ್ಯೋ, ಯಾರೇ ಅದು!" ಎಂದು ಅಮ್ಮ ಕುಂಕುಮದ ಬಟ್ಟಲು ಹಿಡಿದುಕೊಂಡೇ ಹೊರಗೆ ಹಾರಿದಳು.

ಗಂಡ ಗ್ಯಾಸು ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದು, ಬೆವರು ಒರೆಸಿಕೊಂಡು ಬಂದು, "ಅಲಾರಂ ಕೆಲಸ ಮಾಡುತ್ತೆ ಅಂತ ಗೊತ್ತಾಯ್ತಲ್ಲ ಅತ್ತೆ, ಒಳ್ಳೇದಾಯ್ತು" ಎಂದ.

ನೀರಿನ ವ್ಯವಸ್ಥೆ ಮಾತ್ರ ಅಮ್ಮನಿಗೆ ಒಮ್ಮೆಗೇ ಹಿಡಿಸಿತು. ಒಂದು ಟ್ಯಾಂಕಿನಲ್ಲಿ ಒಳ್ಳೆಯ ನೀರು. ನಲ್ಲಿ ತಿರುಗಿಸಿದರೆ ಪುಟ್ಟ ಮೋಟಾರು ಗುರ್ ಎಂದು ಅದನ್ನು ಎತ್ತಿ ಕೊಡುತ್ತದೆ, ನಿಲ್ಲಿಸಿದರೆ ತಾನೂ ನಿಲ್ಲುತ್ತದೆ. "ಇದೇನು ಮಹಾವಿದ್ಯೆ? ಸಂಪು, ಮೋಟಾರು, ಅಷ್ಟೇ ತಾನೆ" ಎಂದಳು. ಮೈಸೂರಿನಲ್ಲಿ ಕಾರ್ಪೊರೇಷನ್ ನೀರು ಬರುವ ಹೊತ್ತಿಗೆ ಎದ್ದು, ಮೋಟಾರಿನ ಸದ್ದಿನಲ್ಲೇ ಸಂಪಿನಲ್ಲಿ ಎಷ್ಟು ನೀರಿದೆ ಎಂದು ಹೇಳುತ್ತಿದ್ದವಳು. ಇಲ್ಲೂ ಹಾಸಿಗೆಯ ಕೆಳಗಿದ್ದ ಮೋಟಾರಿಗೆ ಕಿವಿಯಿಟ್ಟು ಕೇಳಿ, "ಒಳ್ಳೇ ಮೋಟಾರು, ಗಾಳಿ ಎಳೀತಿಲ್ಲ" ಎಂದು ಸರ್ಟಿಫಿಕೇಟು ಕೊಟ್ಟಳು.

ಇನ್ನೆರಡು ಟ್ಯಾಂಕು ಹೋಗುವ ನೀರಿಗೆ. ಅಡುಗೆಮನೆ ಮತ್ತು ಸ್ನಾನದ ನೀರಿಗೊಂದು, ಟಾಯ್ಲೆಟ್ಟಿಗೊಂದು. ಅವನ್ನು ನಾವು ಒಂದು ಮಾತಿನಲ್ಲಿ ಹೇಳಿ ಮುಗಿಸಿದೆವು. ಅಮ್ಮನೂ ಕೇಳಲಿಲ್ಲ. ಈಗ ಯೋಚಿಸಿದರೆ, ನಮ್ಮ ಮನೆಯಲ್ಲಿ ಎಲ್ಲರೂ ನೀರು ಬರುವ ಕಡೆಯನ್ನೇ ನೋಡಿಕೊಂಡು ಬೆಳೆದವರು. ಹೋಗುವ ಕಡೆ ಮೋರಿ ಇದ್ದೇ ಇರುತ್ತಿತ್ತು.

ಊರಾಚೆ ಹೋಗುವ ಮುಂಚೆ ಒಂದು ಭಾನುವಾರ ಮನೆಯೊಳಗೆ ಕಾಲಿಡದೆ ಟ್ರೈಲರಿನಲ್ಲೇ ಇದ್ದು ನೋಡೋಣ ಎಂದುಕೊಂಡೆವು. ಟೈರಿನ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿದ್ದಾಯಿತು. ಗ್ಯಾರೇಜಿನಿಂದ ಕರೆಂಟು ಎಳೆದು, ಎಸಿ ಹಾಕಿಕೊಂಡು ಮಿಕ್ಸಿ ತಿರುಗಿಸಿ ಫ್ಯೂಸು ಹಾರಿಸಿದ್ದಾಯಿತು. ಒಂದು ಓಡುವಾಗ ಇನ್ನೊಂದು ಕೂಡದು ಎಂದು ಕಲಿತೆವು. ನೀರಿಗೆ ಮನೆಯ ನಲ್ಲಿಯಿಂದ ಹೋಸ್ ಜೋಡಿಸಿದ್ದರಿಂದ ಬೇಕಾದಷ್ಟು ನೀರು. ಅಮ್ಮ ಅನ್ನ, ಸಾರು, ಹುರುಳಿಕಾಯಿ ಪಲ್ಯ ಮಾಡಿದಳು.

ಅಮ್ಮನ ಅಡುಗೆಮನೆಯಲ್ಲಿ ಮುಸುರೆ ಎಂಬ ನಿಯಮವಿದೆ. ಬೆಂದ ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಮೊಸರು ಮುಟ್ಟುವಂತಿಲ್ಲ, ಉಪ್ಪಿನಕಾಯಿ ಮುಟ್ಟುವಂತಿಲ್ಲ, ತುಪ್ಪ ಮುಟ್ಟುವಂತಿಲ್ಲ. ಅನ್ನ ಬಡಿಸಿದಳು, ಕೈ ತೊಳೆದಳು. ಮೊಸರು ತೆಗೆದಳು. "ಇನ್ನೊಂಚೂರು ಅನ್ನ?" ಎಂದು ಬಡಿಸಿದಳು, ಮತ್ತೆ ತೊಳೆದಳು. ಪಾತ್ರೆಗಳನ್ನು ನಿಂತ ನೀರಿನಲ್ಲಿ ಅದ್ದುವುದು ಅವಳಿಗೆ ಹೇಸಿಗೆ; ಹರಿಯುವ ನಲ್ಲಿಯ ಕೆಳಗೇ ಆಗಬೇಕು. ಬೆಳಗಿನಿಂದ ಹೀಗೇ. ಟ್ಯಾಂಕು ಎಷ್ಟು ತುಂಬಿದೆ ಎಂದು ತೋರಿಸುವ ದೀಪಗಳು ಮಾತ್ರ ಮಧ್ಯಾಹ್ನದವರೆಗೂ ಅರ್ಧ, ಅರ್ಧ ಎನ್ನುತ್ತಲೇ ಇದ್ದವು. ಅವು ಹುಟ್ಟಾ ಸುಳ್ಳು ಹೇಳುವಂಥವು ಎಂದು ಆಮೇಲೆ ತಿಳಿಯಿತು.

ಊಟವಾದ ಮೇಲೆ ಅಮ್ಮ ಬಾತ್‌ರೂಮಿನ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು. ಸ್ನಾನದ ಜಾಗದ ನೆಲದಲ್ಲಿ, ಟಾಯ್ಲೆಟ್ಟಿನಿಂದ ಮಾರು ದೂರವೂ ಇಲ್ಲದ ಕಡೆ, ಬಗ್ಗಡದ ನೀರು ನಿಂತು ಅನ್ನದ ಅಗುಳು ತೇಲುತ್ತಿತ್ತು.

"ಕಕ್ಕಸಿನ ನೀರು ಮೇಲೆ ಬಂದಿದೆ" ಎಂದಳು. ದನಿ ಏರಲಿಲ್ಲ. ಅದಕ್ಕೇ ನನಗೆ ಭಯವಾದದ್ದು.

"ಅಲ್ಲಮ್ಮ, ಅದು ಸಿಂಕಿನ ನೀರು. ಆ ಟ್ಯಾಂಕು ತುಂಬಿ ವಾಪಸ್ ಬಂದಿದೆ. ಬೇರೆ ಟ್ಯಾಂಕು."

"ಅಗುಳು ನೋಡು. ನನ್ನ ಅಡುಗೆ ನೀರೂ ಅದೂ ಒಂದೇ ಕಡೆ ಸೇರ್ತಿದೆ. ಸೇರಿದ್ದು ಮೇಲೆ ಬಂದಿದೆ." ಚಪ್ಪಲಿ ಮೆಟ್ಟಿಕೊಂಡು ಮನೆಯೊಳಗೆ ಹೋಗಿ, ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲಿ ಕಿಟಕಿಯ ಕುರ್ಚಿಯಲ್ಲಿ ಕೂತಳು. "ನೀವಿಬ್ಬರೂ ಹೋಗಿಬನ್ನಿ. ನಾನು ಮನೆ ನೋಡ್ಕೋತೀನಿ."

ನನಗೆ ಅಳು ಬಂದಂತಾಯಿತು, ಸಿಟ್ಟೂ ಬಂತು. ಗಂಡ ಟ್ರೈಲರಿನ ನಕ್ಷೆ ತಂದು ಅವಳ ಮುಂದೆ ಹರಡಿದ. ಇಲ್ಲಿ ಒಂದು, ಇಲ್ಲಿ ಒಂದು, ಎರಡರ ಮಧ್ಯೆ ಗೋಡೆ, ಅತ್ತೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇಲ್ಲಿ ಹೊರಗೆ ಹೋಗೋ ಪೈಪು ಒಂದೇ ಇದೆಯಲ್ಲ?"

"ಪೈಪು ಒಂದೇ. ಆದರೆ ಬಾಗಿಲು ಎರಡು. ನಾವು ತೆಗೆಯೋ ತನಕ ಸೇರಲ್ಲ."

"ಹೊಟ್ಟೆ ಎರಡು, ಬಾಯಿ ಒಂದು ಅನ್ನಿ" ಎಂದಳು. ಎದ್ದು, ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದಳು. "ಕಾಗದದಲ್ಲಿ ಯಾರು ಏನು ಬೇಕಾದ್ರೂ ಬರೀತಾರೆ. ನಡೀರಿ."

ಹೀಗೆ ಮಾಡಬೇಕೆಂದು ಹೇಳಿದ್ದು ಅಮ್ಮನೇ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಗಂಡ ಅದು ತನ್ನ ಐಡಿಯಾ ಎಂದು ಸ್ನೇಹಿತರ ಮುಂದೆ ಕೊಚ್ಚಿಕೊಂಡರೂ. ತುಂಬಿದ್ದ ಟ್ಯಾಂಕಿನಿಂದ ಒಂದಷ್ಟು ಬಕೆಟ್ ನೀರು ಇಳಿಸಿ ಮನೆಯ ಟಾಯ್ಲೆಟ್ಟಿಗೆ ಸುರಿದು ಬಂದೆವು. ಬೀದಿಯ ಚರಂಡಿಗೆ ಬಿಡುವಂತಿಲ್ಲ. ಆಮೇಲೆ ಅಮ್ಮ ಸಿಂಕಿಗೆ ಒಂದು ಹಿಡಿ ಅರಿಶಿನ ಹಾಕಿ ನೀರು ಬಿಟ್ಟಳು. ಟಾಯ್ಲೆಟ್ಟಿನ ಟ್ಯಾಂಕಿನಲ್ಲಿ ಇದ್ದದ್ದು ಗಂಡ ಪರೀಕ್ಷೆಗೆಂದು ಹಾಕಿದ್ದ ಬರೀ ನೀರು. ಮನೆಯೊಳಗೆ ಕಾಲಿಡುವುದಿಲ್ಲ ಎಂದುಕೊಂಡಿದ್ದರೂ, ಮನೆ ಪಕ್ಕದಲ್ಲೇ ಇರುವಾಗ ಅದನ್ನು ಯಾರೂ ಬಳಸಿರಲಿಲ್ಲ. ಅವನು ಕೆಳಗೆ ಅಂಗಾತ ಮಲಗಿ ಅದರ ಬಾಗಿಲು ಎಳೆದ. ಅಮ್ಮ ಸೀರೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು ಬಕೆಟ್ ಇಣುಕಿದಳು. ತಿಳಿನೀರು. ಅದನ್ನು ಮುಚ್ಚಿ ಇನ್ನೊಂದನ್ನು ಎಳೆದ. ಹಳದಿ, ಜೊತೆಗೆ ಒಂದು ಹುರುಳಿಕಾಯಿ ಚೂರು.

"ಇನ್ನೊಂದ್ಸಲ ಅದನ್ನ ಎಳೀರಿ" ಎಂದಳು. ಎಳೆದ. ಮೊದಲಿಗೆ ಪೈಪಿನಲ್ಲಿ ಉಳಿದಿದ್ದ ಹಳದಿ ಒಂದಿಷ್ಟು, ಆಮೇಲೆ ಮತ್ತೆ ತಿಳಿನೀರು.

ಎದುರುಮನೆಯ ಅಜ್ಜಿ ನಾಯಿ ಹಿಡಿದುಕೊಂಡು ನಿಂತು ನೋಡುತ್ತಿದ್ದರು. ಅಮ್ಮ ಅವರಿಗೆ ಹಳದಿ ಬಕೆಟ್ ತೋರಿಸಿ ಕೈಯಲ್ಲೇ "ಎಲ್ಲ ಸರಿಯಾಗಿದೆ" ಎಂಬ ಸನ್ನೆ ಮಾಡಿದಳು. ಅವರು ಏನೆಂದುಕೊಂಡರೋ.

ಶನಿವಾರ ಹೊರಡುವುದು ಎಂದಾಗಿತ್ತು; ನೀನೂ ಬರುತ್ತೀಯಾ ಎಂದು ನಾನು ಅಮ್ಮನನ್ನು ಕೇಳಲಿಲ್ಲ, ಬೇಡ ಎಂದುಬಿಟ್ಟಾಳು ಎಂಬ ಹೆದರಿಕೆಗೆ. ಎರಡು ದಿನ ಬಿಟ್ಟು ಕಾಫಿ ಸೋಸುತ್ತಾ, "ಶನಿವಾರಕ್ಕೆ ಪುಳಿಯೋಗರೆ ಸಾಕಾ, ಮೊಸರನ್ನನೂ ಮಾಡ್ಲಾ?" ಎಂದಳು.

"ಮುಸುರೆ?"

"ದಾರೀಲಿ ಆಚಾರ ಕಾಲುಭಾಗ ಸಾಕು ಅಂತ ನಮ್ಮಜ್ಜಿ ಹೇಳ್ತಿದ್ರು. ಒಂದು ಬೋಗುಣಿ ತಗೊಂಡಿದೀನಿ, ಕೈ ಅದರಲ್ಲೇ ತೊಳೀತೀನಿ. ನಿನ್ನ ಟ್ಯಾಂಕು ಭದ್ರವಾಗಿರಲಿ."

ಹೊರಟದ್ದು ಸಿಮ್ಕೋ ಸರೋವರಕ್ಕೆ; ನಮ್ಮ ಮನೆಯಿಂದ ಬರೀ ಕಾರಿನಲ್ಲಾದರೆ ಒಂದು ಗಂಟೆ. ಟ್ರೈಲರ್ ಎಳೆದುಕೊಂಡು, ಗಂಡ ಪ್ರತಿ ತಿರುವಿಗೂ ಉಸಿರು ಹಿಡಿದು ಓಡಿಸುವಾಗ ಅದರ ಎರಡರಷ್ಟು. ಅಮ್ಮ ಹಿಂದಿನ ಸೀಟಿನಲ್ಲಿ ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಮುಂದಿನ ಕನ್ನಡಿಯಲ್ಲಿ ಆ ಬಾಟಲಿಯ ಮುಚ್ಚಳವನ್ನೇ ನೋಡುತ್ತಿದ್ದೆ. ಹೈವೇ ಹಿಡಿದು ಬಹಳ ಹೊತ್ತಾದ ಮೇಲೆ ಮುಚ್ಚಳ ತಿರುಗಿತು. ತಲೆಯೆತ್ತಿ, ಬಾಟಲಿ ತುಟಿಗೆ ತಾಗಿಸದೆ, ಗಟಗಟನೆ ಕುಡಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಊರುಗಳು ತೆಳ್ಳಗಾಗಿ ಜೋಳದ ಹೊಲ ಶುರುವಾದ ಕಡೆ, "ಎಲ್ಲಾದ್ರೂ ನಿಲ್ಲಿಸ್ತೀರಾ?" ಎಂದು ಅಳಿಯನನ್ನು ಕೇಳಿದಳು. ಗಾಡಿ ನಿಲ್ಲಿಸಿ ಎಂದು ಅವಳು ಯಾರನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದು ಅಗಲವಾದ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದೆವು. ಅಮ್ಮ ಚೊಂಬು ಹಿಡಿದು ಟ್ರೈಲರಿನ ಮೆಟ್ಟಿಲು ಹತ್ತಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಗಂಡ ಸರಿಯಾಗಿಯೇ ಇದ್ದ ಟೈರನ್ನು ಒದ್ದು ನೋಡುತ್ತಾ ನಿಂತ. ನಾನು ಅವನಿಗೆ ಸಹಾಯ ಮಾಡುವವಳಂತೆ ನಿಂತೆ. ಆಗ ಒಳಗೆ ಮೋಟಾರು ಗುರ್ ಎಂದಿತು, ನಿಂತಿತು, ಮತ್ತೆ ಗುರ್ ಎಂದಿತು. ಗಂಡ ನನ್ನನ್ನು ನೋಡಿದ. ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಇಳಿದು ಬಂದಳು. "ಏನು ಹಲ್ಲು ಕಿರೀತಿದೀರ? ಹೊರಡಿ, ಬಿಸಿಲೇರತ್ತೆ."

ಸರೋವರದ ದಂಡೆಯಲ್ಲಿ ಮಡಿಸುವ ಕುರ್ಚಿ ಹಾಕಿಕೊಟ್ಟೆವು. ಪುಳಿಯೋಗರೆ ತಿಂದು, ಮಜ್ಜಿಗೆ ಕುಡಿದು, ಇನ್ನೊಂದು ಲೋಟ ನೀರು ತಾನೇ ಕೇಳಿ ಇಸಿದುಕೊಂಡಳು. ಆಚೆ ದಡ ಕಾಣದ ನೀರನ್ನು ನೋಡುತ್ತಾ ಬಹಳ ಹೊತ್ತು ಕೂತಳು. ಆಮೇಲೆ, ಸಂತೆಗೆ ಹೋಗುವ ದಾರಿ ಕೇಳುವವಳ ಹಾಗೆ, "ಇದನ್ನ ಕಟ್ಟಿಕೊಂಡು ಎಷ್ಟು ದೂರ ಹೋಗಬಹುದು?" ಎಂದಳು.

"ರಸ್ತೆ ಇರೋ ತನಕ, ಅತ್ತೆ" ಎಂದ ಗಂಡ. ಪೂರ್ವಕ್ಕೆ ಹೋದರೆ ಸಮುದ್ರ, ಪಶ್ಚಿಮಕ್ಕೆ ಹೋದರೆ ಹಿಮದ ಬೆಟ್ಟ, ಎಂದು ಕೈ ಚಾಚಿ ತೋರಿಸಿದ. ಅಮ್ಮ ಅವನ ಕೈ ಹೋದ ಕಡೆಗೆಲ್ಲ ನೋಡಿದಳು. ಅದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಎಂದು ನನಗನ್ನಿಸಿತು. ಮನಸ್ಸಿನಲ್ಲಿ ಯಾವುದೋ ಒಂದು ಜಾಗವನ್ನು ಇಟ್ಟುಕೊಂಡು, ಅಲ್ಲಿಗೆ ಎಷ್ಟಾಗುತ್ತದೆ ಎಂದು ಅಳೆಯುವವರ ಮುಖ. ಅದು ಇಲ್ಲಿಯದೋ, ಅಲ್ಲಿಯದೋ, ಹುಡುಗಿಯಾಗಿದ್ದಾಗ ಆಸೆಪಟ್ಟದ್ದೋ. ಇದನ್ನೂ ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ಯಾವ ಜಾಗ ಎಂದು ನಾನು ಕೇಳಿದ್ದಂತೂ ನಿಜ. ಆವತ್ತು ಅಲ್ಲೇ ಕೇಳಿದೆ. ಲೋಟ ತೊಳೆಯಬೇಕು ಎಂದು ಎದ್ದಳು. ಅವಳು ಮೈಸೂರಿಗೆ ವಾಪಸಾದ ಮೇಲೆ ಫೋನಿನಲ್ಲೂ ಕೇಳಿದ್ದೇನೆ. ಪ್ರತಿ ಸಲವೂ ಹಾಲಿನವನು ಬಂದ, ಕುಕ್ಕರು ಕೂಗಿತು ಎಂದು ಫೋನಿಟ್ಟಳು.

"ಅಮ್ಮ, ನಿಂಗೆ ಎಲ್ಲಿಗೆ ಹೋಗಬೇಕಿತ್ತು?"