ಮೂರನೆಯ ಚೀಟಿ

ಕೊಲ್ಲಾಪುರದ ಕಡೆಯ ನೇಸರಿ ಎಂಬ ಊರಿನಲ್ಲಿ ಶಾಲನಳ ಸೀರೆ ನೋಡಿದರೆ ಸಾಕು, ಅವಳು ಮಾಡುವ ಕೆಲಸ ಗೊತ್ತಾಗುತ್ತಿತ್ತು. ಮೊಣಕಾಲಿನ ಹತ್ತಿರ, ಸೆರಗಿನ ತುದಿಯಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ತೂತು. ಆಸಿಡ್ ಸಿಡಿದು ಆದವು. ಊರಿನ ಹೆಂಗಸರ ಹಾಲಿನ ಡೇರಿಯಲ್ಲಿ ಹದಿನೇಳು ವರ್ಷ ಫ್ಯಾಟ್ ಪರೀಕ್ಷೆ ಮಾಡಿದ ಕೈ ಅವಳದು. ಬಲಗೈ ಹೆಬ್ಬೆರಳಿನ ಚರ್ಮ ಸುಟ್ಟು ಸುಟ್ಟು ಎಷ್ಟು ಗಟ್ಟಿಯಾಗಿದೆ ಎಂದರೆ, ಅವಳ ಮೊಬೈಲು ಆ ಬೆರಳನ್ನು ಬೆರಳೆಂದೇ ಒಪ್ಪುವುದಿಲ್ಲ. ಎಡಗೈಯಿಂದಲೇ ತೆರೆಯಬೇಕು.

ತವರು ದತ್ತವಾಡ. ಹತ್ತನೆಯ ತರಗತಿ ಪಾಸಾಗಿ ನೇಸರಿಗೆ ಸೊಸೆಯಾಗಿ ಬಂದಳು. ಡೇರಿ ಶುರುವಾದಾಗ ಅಷ್ಟು ಓದಿದ ಸೊಸೆ ಆ ಓಣಿಯಲ್ಲಿ ಅವಳೊಬ್ಬಳೇ ಇದ್ದುದರಿಂದ ಗಾಜಿನ ನಳಿಗೆಗಳ ಪೆಟ್ಟಿಗೆ ಅವಳ ಪಾಲಿಗೆ ಬಂತು. ಕೆಲಸ ಹೇಳುವುದಕ್ಕೆ ಸುಲಭ: ನಳಿಗೆಯಲ್ಲಿ ಆಸಿಡ್ ಹಾಕು, ಅದರ ಮೇಲೆ ಹಾಲು ಬಿಡು, ಬಿರಡೆ ಒತ್ತಿ ಅಲುಗಾಡಿಸು, ಕೈಚಕ್ರದಲ್ಲಿಟ್ಟು ತಿರುವು. ಹಳದಿ ಕೊಬ್ಬು ಬೇರೆಯಾಗಿ ನಳಿಗೆಯ ಕತ್ತಿಗೆ ಬಂದು ನಿಲ್ಲುತ್ತದೆ. ಕತ್ತಿನ ಮೇಲೆ ಗೀಟುಗಳಿವೆ. ಎಷ್ಟು ಗೀಟು ಹಳದಿಯೋ ಅಷ್ಟು ಫ್ಯಾಟ್. ಮಾಡಿ ನೋಡಿದವರಿಗೆ ಗೊತ್ತು, ಬಿಸಿ ನಳಿಗೆ ಕೈಯಲ್ಲಿ ಹಿಡಿದು ಅಲುಗಾಡಿಸುವ ಸುಖ ಏನೆಂದು.

ಶಾಲನಳಿಗೆ ಒಂದು ರೂಢಿ ಇತ್ತು. ನಳಿಗೆಯನ್ನು ಬೆಳಕಿಗೆ ಹಿಡಿದು, ಹಾಲು ತಂದವಳ ಮುಖದ ಮುಂದೆ ಒಡ್ಡಿ, "ನೀವ ನೋಡ್ರಿ" ಎನ್ನುತ್ತಿದ್ದಳು. ಅವಳು ನೋಡಿ ಹೇಳಿದ ಮೇಲೆಯೇ ತಾನು ಬರೆಯುವುದು. ಓದಲು ಬಾರದವರೂ ಇದಕ್ಕೆ ಹೊರತಲ್ಲ. ಕುರುಬರ ದುರ್ಗವ್ವನಿಗೆ ಅಂಕಿ ಅಕ್ಷರ ಒಂದೂ ಬರುತ್ತಿರಲಿಲ್ಲ. ಅವಳಿಗೆ ಶಾಲನ ಗೀಟು ಎಣಿಸುವುದನ್ನು ಕಲಿಸಿದ್ದಳು. "ಏಳ ದೊಡ್ಡ ಗೀಟು, ಮೂರ ಸಣ್ಣು" ಎಂದು ದುರ್ಗವ್ವ ಕಣ್ಣು ಕಿರಿದು ಮಾಡಿ ಹೇಳುವಾಗ ಹಿಂದೆ ನಿಂತ ಹೆಂಗಸರು ನಗುತ್ತಿದ್ದರು. ದುರ್ಗವ್ವನೂ ನಗುತ್ತಿದ್ದಳು, ಆದರೆ ಎಣಿಸದೆ ಹೋಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಊರೂರ ಡೇರಿಗಳಿಂದ ಹಾಲು ಕೊಳ್ಳುವ ಮೇಲಿನ ಸಂಘದವರು ಒಂದು ಬೂದು ಬಣ್ಣದ ಯಂತ್ರ ತಂದಿಟ್ಟರು. ಬಟ್ಟಲಿನಲ್ಲಿ ಹಾಲು ಹಿಡಿದರೆ ನಲವತ್ತು ಸೆಕೆಂಡಿಗೆ ಫ್ಯಾಟ್, ಘನಾಂಶ, ನೀರು, ಎಲ್ಲ ಬರೆದ ಚೀಟಿ ಕೆಳಗಿಂದ ಹೊರಬರುತ್ತದೆ. ಅದೇ ಗಳಿಗೆಗೆ ಸಂಘದ ಕಂಪ್ಯೂಟರಿಗೂ ಹೋಗುತ್ತದೆ. ಯಂತ್ರದ ಬೆನ್ನಿನ ಸ್ಕ್ರೂಗಳ ಮೇಲೆ ಅದನ್ನು ಮಾಡಿದ ಕಂಪನಿಯ ಬೆಳ್ಳಿ ಬಣ್ಣದ ಸೀಲು. ಅದು ಹರಿದರೆ ಡೇರಿಯ ಮಾನ್ಯತೆ ರದ್ದು. ಆರು ತಿಂಗಳಿಗೊಮ್ಮೆ ಇಚಲಕರಂಜಿಯಿಂದ ಕಂಪನಿಯ ಮೆಕ್ಯಾನಿಕ್ ಸ್ವಪ್ನಿಲ ಬಂದು, ಲ್ಯಾಪ್‌ಟಾಪು ಜೋಡಿಸಿ, ಅದರ ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅರ್ಧ ತಾಸು ಏನೋ ಮಾಡಿ ಹೋಗುತ್ತಿದ್ದ.

ಸುಳ್ಳೇಕೆ ಹೇಳಬೇಕು, ಶಾಲನಳಿಗೆ ಖುಷಿಯೇ ಆಯಿತು. ಕೈ ಸುಡುವುದು ನಿಂತಿತು. ತೂತಿನ ಸೀರೆಯನ್ನು ಟ್ರಂಕಿಗೆ ಹಾಕಿದಳು, ನಳಿಗೆಗಳ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದಳು. ಹಾಲು ತಂದವಳ ಮುಖ ನೋಡುವ ಕೆಲಸವೂ ಉಳಿಯಲಿಲ್ಲ. ಚೀಟಿ ಹರಿ, ಕೊಡು, ಮುಂದಿನವಳನ್ನು ಕರೆ. ಮೂರು ತಾಸಿನ ಕೆಲಸ ಒಂದೂವರೆ ತಾಸಿಗೆ ಮುಗಿಯುವಾಗ ಯಾರಿಗೆ ಬೇಡ?

ಕಳೆದ ಮಳೆಗಾಲದಲ್ಲಿ ಸ್ವಪ್ನಿಲ ಬಂದು ಹೋದ ವಾರ, ದುರ್ಗವ್ವನ ಚೀಟಿಯಲ್ಲಿ ನೀರು ಶೇಕಡಾ ಆರು ಎಂದು ಬಂತು. ಶಾಲನ ಇನ್ನೊಮ್ಮೆ ಬಟ್ಟಲು ತುಂಬಿಟ್ಟಳು. ಮತ್ತೆ ಆರು.

"ನಾ ನೀರ ಹಾಕಿಲ್ಲಕ್ಕಾ" ಎಂದಳು ದುರ್ಗವ್ವ.

"ಹಂಗಾರ ಯಂತ್ರಕ್ಕೇನ ನಿನ್ನ ಮ್ಯಾಲೆ ಸಿಟ್ಟೈತೇನ?" ಎಂದಳು ಶಾಲನ. ಸಾಲಿನಲ್ಲಿದ್ದವರು ಕಿಸಕ್ಕೆಂದರು. ಆ ಮಾತು ಬಾಯಿಗೆ ಹೇಗೆ ಬಂತೋ ಏನೋ, ಇವತ್ತಿಗೂ ನೆನೆದರೆ ಶಾಲನಳಿಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಮರುದಿನವೂ ಆರು. ಸಂಘದ ನಿಯಮ ಹೀಗಿತ್ತು: ದಿನಕ್ಕೊಂದೇ ಲೆಕ್ಕದಲ್ಲಿ ನೀರಿನ ಚೀಟಿ ಮೂರು ಬಂದರೆ ಒಂದು ತಿಂಗಳು ಹಾಲು ಬಂದ್, ಹೆಸರು ಡೇರಿಯ ಕರಿಹಲಗೆಯ ಮೇಲೆ. ಹಾಲಿನ ದುಡ್ಡು ಹೋದರೆ ಹೋಯಿತು. ಆದರೆ ಹಲಗೆಯ ಮೇಲೆ ಹೆಸರು ಬಂದ ಮನೆಯ ಹೆಂಗಸನ್ನು ಹಳ್ಳಿಯಲ್ಲಿ ಜನ ಯಾವ ಕಣ್ಣಿಂದ ನೋಡುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬುಧವಾರ ಬೆಳಿಗ್ಗೆ ದುರ್ಗವ್ವ ಹಾಲಿನ ಕಿಟ್ಲಿ ತರಲಿಲ್ಲ. ಎಮ್ಮೆಯನ್ನೇ ಹೊಡೆದುಕೊಂಡು ಬಂದಳು.

ಅವಳ ಅಪ್ಪ ಕುರಿ ಮಾರಿ, ಕೊಲ್ಲಾಪುರದಲ್ಲಿ ಎಮ್ಮೆ ಕಟ್ಟಿದವನು. ಅಲ್ಲಿಯ ಹಾಲಿನ ಕಟ್ಟೆಗಳನ್ನು ಕಂಡವರಿಗೆ ಗೊತ್ತಿದೆ. ಎಮ್ಮೆ ರಸ್ತೆಯ ಬದಿಗೇ ನಿಂತಿರುತ್ತದೆ, ಗಿರಾಕಿಯ ಕಣ್ಣೆದುರಿಗೇ ಲೋಟಕ್ಕೆ ಕರೆದು, ನೊರೆಹಾಲನ್ನು ಬೆಚ್ಚಗಿರುವಾಗಲೇ ಕೈಗೆ ಕೊಡುತ್ತಾರೆ. ಅಲ್ಲಿ ಯಾರೂ ಯಾರಿಗೂ ನೀರು ಹಾಕಿದ್ದೀಯಾ ಎಂದು ಕೇಳುವುದಿಲ್ಲ, ಕೇಳುವ ಕಾರಣವೇ ಇಲ್ಲ. ಚಿಕ್ಕವಳಿದ್ದಾಗ ದುರ್ಗವ್ವ ಆ ಕಟ್ಟೆಯಲ್ಲಿ ಲೋಟ ತೊಳೆದು ಬೆಳೆದವಳು. ಅದೇ ಬುದ್ಧಿ ಇಲ್ಲಿಯೂ ನಡೆದೀತು ಎಂದುಕೊಂಡಳು.

ಡೇರಿಯ ಅಂಗಳದಲ್ಲಿ ಎಮ್ಮೆ ಕಟ್ಟಿ, ಹಿಂಡಿಯ ಬುಟ್ಟಿ ಮುಂದಿಟ್ಟು, ಎರಡೂ ಕೈ ತೊಳೆದು ಒರೆಸಿ ಎಲ್ಲರಿಗೂ ತೋರಿಸಿದಳು. ಡೇರಿಯ ಚೇರಮನ್ ಕಾಂಚನ ಬಂದು ನಿಂತಳು. ಸುತ್ತ ಮೂವತ್ತು ಜನ. ಡೇರಿಯದೇ ಬಕೆಟ್ಟು; ಅದನ್ನು ಒರೆಸಿ ಕೊಟ್ಟವಳು ಶಾಲನ. ದುರ್ಗವ್ವ ಕೊನೆಯ ಹನಿಯ ತನಕ ಕರೆದು, ಕೈಯಾಡಿಸಿ, ಬಟ್ಟಲು ತುಂಬಿ ಶಾಲನಳ ಕೈಗೆ ಕೊಟ್ಟಳು.

ನಲವತ್ತು ಸೆಕೆಂಡು. ನೀರು: ಆರು ಪಾಯಿಂಟ್ ಒಂದು.

ಮೊದಲು ಎಲ್ಲರೂ ನಕ್ಕರು. ದುರ್ಗವ್ವನೂ ನಕ್ಕಳು, ಗೆದ್ದವಳ ಹಾಗೆ. ಕಾಂಚನ ಅಲ್ಲಿಂದಲೇ ಸಂಘದ ಅಧಿಕಾರಿಗೆ ಫೋನು ಹಚ್ಚಿ, "ಅಹೋ ಸಾಹೇಬ, ಆಮ್ಹೀ ಡೋಳ್ಯಾನಂ ಬಘಿತಲಂಯ" ಎಂದಳು, ನಾವು ಕಣ್ಣಾರೆ ನೋಡಿದ್ದೇವೆ ಎಂದು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಫೋನು ಇಟ್ಟಾಗ ಕಾಂಚನಳ ಮುಖ ಇಳಿದಿತ್ತು.

"ಚೀಟಿ ಅಲ್ಲಿ ಮುಟ್ಟೇತಂತ. ಬಂದ ಚೀಟಿ ಅಳಸಾಕ ಬರೂದಿಲ್ಲಂತ. ಇದ ಮೂರನೇದು."

ತನ್ನ ಸಾಚಾತನ ತೋರಿಸಲು ಕರೆದ ಹಾಲೇ ದುರ್ಗವ್ವನ ಮೂರನೆಯ ತಪ್ಪಾಯಿತು. ಕಣ್ಣಿಂದ ನೋಡಿದ್ದಕ್ಕೆ ಸಂಘದ ನಿಯಮದಲ್ಲಿ ಜಾಗವೇ ಇರಲಿಲ್ಲ. ಸಂಜೆಯೊಳಗೆ ಹೆಸರು ಬರೆದು ಹಲಗೆಯ ಫೋಟೋ ಕಳಿಸಬೇಕು, ಇಲ್ಲದಿದ್ದರೆ ಇಡೀ ಡೇರಿಯ ಹಾಲು ತೆಗೆದುಕೊಳ್ಳುವುದಿಲ್ಲ ಎಂದು ಅಧಿಕಾರಿ ಹೇಳಿದ್ದ.

"ಬರದ ಬಿಡ ಶಾಲನ, ಒಂದ ತಿಂಗಳ ಮಾತ" ಎಂದಳು ಕಾಂಚನ. ಊರಿನ ನೂರಾ ಹತ್ತು ಮನೆಯ ಹಾಲು ನಿಲ್ಲುವ ಮಾತು. ಹಲಗೆಯ ಮೇಲೆ ಬರೆಯುವುದು ಮೊದಲಿಂದಲೂ ಶಾಲನಳ ಕೆಲಸ, ಅಕ್ಷರ ದುಂಡಗಿವೆ ಎಂದು. ಸಂಜೆ ಐದಕ್ಕೆ ಸೀಮೆಸುಣ್ಣ ಹಿಡಿದು ಬರೆದಳು.

ಆ ದಿನದಿಂದ ಅವಳಿಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಅಟ್ಟ ಹತ್ತಿ ನಳಿಗೆಗಳನ್ನು ಇಳಿಸಿದಳು. ದುರ್ಗವ್ವನ ಮನೆಗೆ ಹೋಗುವ ಮುಖವಿರಲಿಲ್ಲ. ಪಕ್ಕದ ಮನೆಯವಳ ಕೈಯಿಂದ ದುರ್ಗವ್ವನ ಎಮ್ಮೆಯ ಹಾಲು ತರಿಸಿ ಆಸಿಡ್ಡಿನಲ್ಲಿ ನೋಡಿದಳು. ಏಳು ದೊಡ್ಡ ಗೀಟು, ಎರಡು ಸಣ್ಣವು. ಎಂದಿನ ಹಾಲೇ; ನೀರು ಬೆರೆತಿದ್ದರೆ ಗೀಟು ಇಳಿಯಬೇಕಿತ್ತು.

ರವಿವಾರ ಅದೇ ಓಣಿಯ ಪ್ರೇರಣಾ ಊರಿಗೆ ಬಂದಳು. ಗಡಹಿಂಗ್ಲಜದ ಪಾಲಿಟೆಕ್ನಿಕ್‌ನಲ್ಲಿ ಕಲಿಸುವವಳು. ಶಾಲನ ಅವಳನ್ನು ಹಿಡಿದು ಕೂರಿಸಿ, ಆ ಡಬ್ಬಿಗೆ ನೀರು ಹೇಗೆ ಕಾಣುತ್ತದೆ ಎಂದು ಕೇಳಿದಳು.

"ಅದಕ್ಕ ನೀರ ಕಾಣೂದಿಲ್ಲ ಕಾಕು. ಹಾಲಿನೊಳಗ ಸಪ್ಪಳ ಬಿಡತೈತಿ, ನಮಗ ಕೇಳಲಾರದಂಥಾ ಸಪ್ಪಳ. ಅದು ದಾಟಿದ್ದ ನೋಡಿ ಘನಾಂಶ ಎಷ್ಟಂತ ಅಂದಾಜ ಮಾಡತೈತಿ. ಛಲೋ ಹಾಲಂದ್ರ ಇಷ್ಟ ಇರಬೇಕಂತ ಒಳಗೊಂದ ಅಂಕಿ ಇಟ್ಟಿರತಾರ. ಅದಕ್ಕಿಂತ ಕಡಿಮಿ ಬಂದ್ರ ನೀರ ಅಂತ ಬರೀತೈತಿ. ಕೆಲವು ಎಮ್ಮಿ ಹಾಲಿನ್ಯಾಗ ಅದು ಮೊದಲಿಂದಾನ ಕಡಿಮಿ ಇರತೈತ್ರಿ."

"ಆ ಅಂಕಿ ಎಷ್ಟೈತಿ?"

"ನೋಡಾಕ ಬರೂದಿಲ್ರಿ. ಪ್ರೋಗ್ರಾಂ ಕಂಪನೀದು. ಕೀಲಿ ಹಾಕ್ಯಾರ."

ಮುಂದಿನ ರವಿವಾರ ಪ್ರೇರಣಾ ತನ್ನ ಕಾಲೇಜಿನಲ್ಲಿ ಮಾಡಿದ ಯಂತ್ರ ತಂದಳು. ನೋಡಲು ಅಂದಗೇಡಿ, ವೈರುಗಳೆಲ್ಲ ಹೊರಗೇ. ಅದರ ಪ್ರೋಗ್ರಾಂ ಓಪನ್ ಸೋರ್ಸ್, ಯಾರು ಬೇಕಾದರೂ ಓದಬಹುದು, ತಿದ್ದಬಹುದು ಎಂದಳು. ನಲವತ್ತೆರಡು ಹಾಳೆಯ ಮೇಲೆ ಅಚ್ಚು ಹಾಕಿ ತಂದಿದ್ದಳು ಕೂಡ. ದುರ್ಗವ್ವನ ಹಾಲು ಹಾಕಿದರೆ ಪರದೆಯ ಮೇಲೆ ಬಂತು: ಘನಾಂಶ ಕಡಿಮೆ, ಕಾರಣ ಹೇಳಲಾಗದು.

ಶಾಲನ ಆ ಸಾಲನ್ನು ಎರಡು ಸಲ ಓದಿದಳು. "ಹೇಳಲಾಗದು ಅಂತ ಯಾರ ಬರದಾರ ಇದನ್ನ?"

"ನಾನ ಬರದೇನ್ರಿ. ತಪ್ಪ ಅನಿಸಿದ್ರ ಹೇಳ್ರಿ, ಬದಲಿ ಮಾಡೂಣು."

ಮೂರು ವರ್ಷದಲ್ಲಿ ಯಂತ್ರದ ಮಾತಿಗೆ ನಾನು ಹೊಣೆ ಎಂದವರೊಬ್ಬರನ್ನು ಶಾಲನ ಕಂಡದ್ದು ಅದೇ ಮೊದಲು. ಹಾಳೆಗಳಲ್ಲಿ ಇದ್ದದ್ದೆಲ್ಲ ಇಂಗ್ಲಿಷು, ಅದೂ ಅರ್ಧ ಚಿಹ್ನೆಗಳು. ಒಂದಕ್ಷರ ಅವಳಿಗೆ ತಿಳಿಯಲಿಲ್ಲ. ಆದರೂ ಹಿಡಿದುಕೊಂಡು ಕೂತಳು. ದುರ್ಗವ್ವನಿಗಾದರೂ ಅಂಕಿ ಎಲ್ಲಿ ಬರುತ್ತಿದ್ದವು? ಗೀಟು ಎಣಿಸಿರಲಿಲ್ಲವೇ? ಕಲಿಸುವವರಿದ್ದರೆ ಇದನ್ನೂ ಎಣಿಸಬಹುದು. ಮುಚ್ಚಿಟ್ಟದ್ದನ್ನು ಎಣಿಸುವುದು ಯಾರಿಂದಲೂ ಆಗದು.

ಕಾಂಚನಳನ್ನು ಕರೆದುಕೊಂಡು ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಕೊಲ್ಲಾಪುರದ ಕಂಪನಿಯ ಆಫೀಸಿಗೆ ಹೋದಳು. ತಣ್ಣಗಿನ ಕೋಣೆ, ಕೂತ ತಕ್ಷಣ ಚಹಾ. ಅಲ್ಲಿಯ ಸಾಹೇಬರು ಬಹಳ ಸಜ್ಜನರು. ಒಳಗಿನ ಅಂಕಿ ತೋರಿಸಿ ಎಂದರೆ ಮಾತ್ರ, "ಅದು ಕಂಪನಿಯ ಗುಟ್ಟು, ತಾಯಿ. ನಿಮಗೆ ಯಂತ್ರ ಬಳಸುವ ಹಕ್ಕಿದೆ, ಒಳಗಿನದನ್ನು ನೋಡುವ ಹಕ್ಕಿಲ್ಲ" ಎಂದರು. ಅಂಕಿ ತಪ್ಪಿದ್ದರೆ? ತಪ್ಪಿರುವುದಿಲ್ಲ. ತಪ್ಪಿಲ್ಲ ಎಂದು ತಿಳಿಯುವುದು ಹೇಗೆ? ಕಂಪನಿಯೇ ಪರೀಕ್ಷೆ ಮಾಡಿದೆ. ಕಳ್ಳನನ್ನೇ ಪಂಚನನ್ನಾಗಿ ಕೂರಿಸಿದಂಥ ಈ ಮಾತನ್ನು ಅವರು ಎಷ್ಟು ನಯವಾಗಿ ಹೇಳಿದರೆಂದರೆ, ಕಾಂಚನ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದಳು.

ಮೆಟ್ಟಿಲಿಳಿಯುವಾಗ ಸ್ವಪ್ನಿಲ ಹಿಂದೆ ಬಂದ. ಹಿಂದೆ ಮುಂದೆ ನೋಡಿ, ತಗ್ಗಿದ ದನಿಯಲ್ಲಿ, "ಮಾವಶೀ, ಜೂನದಾಗ ಅಂಕಿ ಏರಿಸ್ಯಾರ. ಮ್ಯಾಲಿಂದ ಬಂತು, ನಾ ಹಾಕಿದ್ನಿ. ನಿಮ್ಮೂರ ಒಂದ ಅಲ್ಲ, ಎಲ್ಲಾ ಕಡೆ ಹಿಂಗ ಆಗೇತಿ" ಎಂದ.

"ಬರದ ಕೊಡತೀಯೇನಪಾ?"

"ನೌಕರಿ ಹೋಗತೈತ್ರಿ." ಅವನ ಕಣ್ಣಲ್ಲಿ ನೀರಿತ್ತು. ಶಾಲನಳಿಗೆ ಕೆಟ್ಟ ಸಿಟ್ಟು ಬಂತು, ಹಾಗೆಯೇ ಇಳಿಯಿತು. ತಾನು ಸೀಮೆಸುಣ್ಣ ಹಿಡಿದದ್ದು ಮತ್ತೇನು?

ಪ್ರೇರಣಾಳ ಯಂತ್ರವನ್ನು ಮೇಜಿನ ಮೇಲಿಡಲು ಸಂಘದ ಒಪ್ಪಿಗೆ ಸಿಗಲಿಲ್ಲ; ಕಾಂಚನ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಶಾಲನ ತೂತಿನ ಸೀರೆ ಉಟ್ಟು, ಚೀಟಿಯ ಜೊತೆಗೆ ನಳಿಗೆಯಲ್ಲೂ ನೋಡಿ ತೋರಿಸುತ್ತೇನೆಂದು ನಿಂತಳು. ಎರಡು ದಿನ ಹೆಂಗಸರು ತಾಳಿಕೊಂಡರು. ಮೂರನೆಯ ದಿನ, "ಸಾಕ ಬಿಡಕ್ಕಾ, ಲಗೂ ಯಂತ್ರಕ್ಕ ಹಾಕ, ಬಸ್ಸ ಹೋಗತೈತಿ" ಎಂದರು. ಬೆಳಕಿಗೆ ಹಿಡಿದ ನಳಿಗೆಯನ್ನು ನೋಡಲು ಯಾರೂ ಬಗ್ಗಲಿಲ್ಲ.

ತಿಂಗಳು ಮುಗಿಯಿತು. ಶಾಲನ ಹಲಗೆಯ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ದುರ್ಗವ್ವ ಬರಲಿಲ್ಲ. ವಾರ ಕಾದು, ಒಂದು ಸಂಜೆ ಶಾಲನಳೇ ಅವಳ ಮನೆಗೆ ಹೋದಳು. ದುರ್ಗವ್ವ ಎಮ್ಮೆಯ ಹತ್ತಿರ ಕೂತಿದ್ದಳು. ಶಾಲನ ನಿಂತಲ್ಲಿಯೇ ಎಲ್ಲ ಹೇಳಿದಳು: ಸಪ್ಪಳ, ಅಂಕಿ, ಕೀಲಿ, ಕೊಲ್ಲಾಪುರ, ಸ್ವಪ್ನಿಲ. ನಿನ್ನ ತಪ್ಪಿಲ್ಲ, ಯಂತ್ರದ್ದೇ ತಪ್ಪು ಎಂದಳು. ದುರ್ಗವ್ವ ಒಂದು ಹಿತ್ತಾಳೆ ಲೋಟ ತೊಳೆದು, ಅವಳ ಕಣ್ಣೆದುರಿಗೇ ಅದಕ್ಕೆ ಕರೆದು, ನೊರೆಸಮೇತ ಕೈಗಿಟ್ಟಳು.

ಶಾಲನ ಕುಡಿದಳು.

"ಹೆಂಗೈತಿ?"

"ಛಲೋ ಐತಿ."

"ಅವತ್ತೂ ಹಿಂಗ ಇತ್ತ. ಯಂತ್ರದ ತಪ್ಪಂತ ನನಗ ಅವತ್ತ ಗೊತ್ತಿತ್ತಕ್ಕಾ. ಅದಕ್ಕ ಕಣ್ಣಿಲ್ಲ." ದುರ್ಗವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಶಾಲನಳಿಗೆ ತಡೆಯಲಾಗಲಿಲ್ಲ. "ನೀ ಬಾಜೂಕ ನಿಂತ ನೋಡಿದಿ. ಬಕೀಟ ಒರಿಸಿ ಕೊಟ್ಟಾಕಿ ನೀನ. ನೋಡಿದ ಮ್ಯಾಲೆ ಬರದಿ."

ಶಾಲನ ಲೋಟವನ್ನು ನೀರಿನ ಹಂಡೆಯ ಹತ್ತಿರ ಒಯ್ದು ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದಳು. ಡೇರಿಗೆ ಸಂಜೆಯ ಹಾಲು ಬರುವ ಹೊತ್ತಾಗಿತ್ತು. ನಾಳೆ ಹಾಲು ತಾ ಎಂದು ಕರೆಯಲು ಬಂದವಳು, ಕರೆಯದೆ ಹೊರಟಳು.