ಕಂದೀಲಿಗೆ ಹಾಕಿದ ಡೀಸೆಲ್

ಕಳೆದ ವರ್ಷ ಶ್ರಾವಣದ ಮೊದಲ ಸೋಮವಾರ, ನಸುಕಿನಲ್ಲಿ ಕಪ್ಪತಗುಡ್ಡ ಹತ್ತುವಾಗ, ಶಾಲೆಯಲ್ಲಿ ಮಾಸ್ತರರಾಗಿದ್ದ ನನ್ನ ದೊಡ್ಡಪ್ಪ ತಮ್ಮ ಕಂದೀಲನ್ನು ಅರ್ಧ ದಾರಿಯಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು.

ಅವರದು ಬೆಟಗೇರಿ, ಕುರ್ತಕೋಟಿ ಕಡೆಯ ಹಳೆಯ ಗೆಳೆಯರ ಗುಂಪು. ಬೇರೆ ದೀಪವಿಲ್ಲದ ಕಾಲದಲ್ಲಿ ಸೀಮೆಎಣ್ಣೆಯ ಕಂದೀಲು ಹಿಡಿದು ಗುಡ್ಡ ನಡೆದವರು. ಈಗಲೂ ಅದೇ ರೂಢಿ. ಗುಂಪಿಗೆ ಒಂದೇ ಕಂದೀಲು, ಹಿಡಿದವರು ಮುಂದೆ. ಮೊಣಕಾಲಿಗಿಂತ ಕೆಳಗೆ ಹಿಡಿಯಬೇಕು. ಮೇಲೆತ್ತಿದರೆ ಬೆಳಕು ಕಣ್ಣಿಗೇ ಹೊಡೆದು ಕಲ್ಲು ಕಾಣುವುದಿಲ್ಲ. ಬ್ಯಾಟರಿ ಹಚ್ಚುವವರು ಸಾಲಿನ ಕೊನೆಗೆ. ಕಂದೀಲು ಒಮ್ಮೆ ಕೈ ಬದಲಾಯಿಸಿದರೆ ಹಿಂದಿರುಗುವುದಿಲ್ಲ. ದೊಡ್ಡಪ್ಪನಿಗೆ ಅದು ಬಂದದ್ದೂ ಹಾಗೆಯೇ, ಹಿರಿಯರೊಬ್ಬರ ಕಾಲು ಸೋತಾಗ.

ಆ ಸಲ ಎಣ್ಣೆ ತರುವ ಕೆಲಸ ನನ್ನದು. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುವುದಿಲ್ಲ. ಮುಂಡರಗಿಯಲ್ಲಿ ಒಬ್ಬರ ಬಳಿ ಇದೆ ಎಂದು ಗೊತ್ತಿತ್ತು, ಹೋಗಲಿಲ್ಲ. ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡು ಬಂದು ತುಂಬಿದೆ. ದೊಡ್ಡಪ್ಪ ಮೂಸಿ ನೋಡಿ, "ವಾಸನಿ ಬ್ಯಾರೆ ಐತಲ್ಲೋ" ಎಂದರು.

"ಈಗಿನ ಚಿಮಣಿ ಎಣ್ಣಿ ಹಿಂಗ ಬರತೈತಿ," ಸೀಮೆಎಣ್ಣೆ ಎಂದೇ ಹೇಳಿದೆ.

ನಂಬಿದರು.

ಡೀಸೆಲ್ ದಪ್ಪ, ಬತ್ತಿಗೆ ಸರಿಯಾಗಿ ಏರುವುದಿಲ್ಲ. ಏರು ಶುರುವಾದ ಮೇಲೆ ಬತ್ತಿ ಕರಕಾಗಿ ಬೆಳಕು ಇಳಿಯಿತು. ದೊಡ್ಡಪ್ಪ ಬತ್ತಿ ಏರಿಸಿದರು, ಮತ್ತೆ ಏರಿಸಿದರು. ಕಲ್ಲಿಗೆ ಎಡವಿ ನೆಲಕ್ಕೆ ಕೈ ಊರಿದರು.

"ಏನಲೇ ಮಾಸ್ತರಾ, ಇಲ್ಲೇ ನಮಸ್ಕಾರ ಹಾಕಾಕತ್ತೀಯೇನು?" ಕುರ್ತಕೋಟಿಯ ಗೆಳೆಯರೊಬ್ಬರು ಕೂಗಿದರು.

"ನಗಬ್ಯಾಡಲೇ. ಬೆಳಕ ಕಮ್ಮಿ ಆಗೇತೋ, ನನ್ನ ಕಣ್ಣ ಹೋಗ್ಯಾವೋ, ತಿಳೀವಲ್ತು."

"ಹುಡುಗರ ತಪ್ಪ ಹುಡುಕಿ ಹುಡುಕಿ ಸವದಾವ ಬಿಡು."

ಎಲ್ಲರೂ ನಕ್ಕರು. ದೊಡ್ಡಪ್ಪ ಕಣ್ಣುಜ್ಜಿಕೊಂಡು ಕಂದೀಲನ್ನು ಆ ಕುರ್ತಕೋಟಿಯವರತ್ತ ಚಾಚಿದರು. "ಹಿಡಿ. ನನ್ನ ನಂಬಿ ಹಿಂದ ಬರೋರು ಬೀಳೋದು ಬ್ಯಾಡ."

ಹಿಂದೆ ಇದ್ದವನು ನಾನು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಅಷ್ಟರಲ್ಲಿ ಬೆಳಕು ಹರಿಯಿತು. ಕಂದೀಲನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಮರುವಾರ ಗದಗಿನ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಣ್ಣಿಗೆ ಏನೂ ಆಗಿಲ್ಲ ಎಂದರು. ಅದನ್ನು ಕೇಳಿ ದೊಡ್ಡಪ್ಪ ಇನ್ನಷ್ಟು ಗೊಂದಲಕ್ಕೆ ಬಿದ್ದರು. ಹೊರಗೆ ಚಹಾದಂಗಡಿಯಲ್ಲಿ ಡೀಸೆಲಿನ ಮಾತು ಹೇಳಿದೆ. ಅವರು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದರು.

"ಗುಡ್ಡದ ಮ್ಯಾಲೆ ಯಾಕ ಹೇಳಲಿಲ್ಲ?"

"ಎಲ್ಲಾರೂ ಇದ್ರು."

"ಹೌದು. ಎಲ್ಲಾರೂ ಇದ್ರು."

ಗೆಳೆಯರಿಗೂ ಹೇಳಿದೆ. ಕುರ್ತಕೋಟಿಯವರು ಕಂದೀಲು ತಂದು ದೊಡ್ಡಪ್ಪನ ಮುಂದಿಟ್ಟರು. "ತಗೊಳೋ ಮಾರಾಯಾ, ನಿಂದೇನ ತಪ್ಪಿಲ್ಲ."

ದೊಡ್ಡಪ್ಪ ಮುಟ್ಟಲಿಲ್ಲ. "ಕೊಟ್ಟಿದ್ದು ಕೊಟ್ಟಂಗ. ನನಗೊಬ್ಬನಿಗೆ ರಿವಾಜ ಬ್ಯಾರೆ ಐತೇನು?"

ಈ ವರ್ಷ ಶ್ರಾವಣದ ಮೊದಲ ಸೋಮವಾರ ಗುಂಪು ಮತ್ತೆ ಗುಡ್ಡ ಹತ್ತಿತು. ಸೀಮೆಎಣ್ಣೆಯನ್ನು ಮುಂಡರಗಿಯಿಂದ ತಂದಿದ್ದೆ. ಕಂದೀಲು ಕುರ್ತಕೋಟಿಯವರ ಕೈಯಲ್ಲಿ ಮುಂದಿತ್ತು. ದೊಡ್ಡಪ್ಪ ಸಾಲಿನ ಕೊನೆಯಲ್ಲಿದ್ದರು, ಬ್ಯಾಟರಿ ಹಚ್ಚಿಕೊಂಡು.